ಶಿಬಿರ ಮುಗಿದ ಮೇಲಿನ ಕೆಲಸ: ವಿಶ್ವಾಸಿಗಳನ್ನು ಸುವಾರ್ತೆಗೆ ಅಣಿಗೊಳಿಸುವುದು ಹೇಗೆ?

ಮೈಸೂರು, ಮಂಡ್ಯ ಕಡೆಯ ಎಷ್ಟೋ ಕ್ರೈಸ್ತ ಸಭೆಗಳಲ್ಲಿ (ಚರ್ಚಿನ ಸಮುದಾಯಗಳಲ್ಲಿ) ವರ್ಷಕ್ಕೊಮ್ಮೆ ಸುವಾರ್ತಾ ತರಬೇತಿ ಶಿಬಿರ, ಅಂದರೆ ಯೇಸುವಿನ ಸಂದೇಶವನ್ನು ಇತರರಿಗೆ ಹೇಳಲು ಕಲಿಸುವ ಶಿಬಿರ ನಡೆಯುತ್ತದೆ. ಬೆಂಗಳೂರಿನಿಂದಲೋ ಚೆನ್ನೈಯಿಂದಲೋ ಒಬ್ಬ ಬೋಧಕರು ಬರುತ್ತಾರೆ. ಎರಡು ದಿನ ಪಾಠ, ನಡುನಡುವೆ ಹಾಡು, ಮಧ್ಯಾಹ್ನ ಊಟ, ಕೊನೆಗೆ ಪ್ರಮಾಣಪತ್ರ, ಬ್ಯಾನರಿನ ಮುಂದೆ ಗುಂಪು ಫೋಟೊ. ಸೋಮವಾರ ಎಲ್ಲರೂ ಕೆಲಸಕ್ಕೆ ಮರಳುತ್ತಾರೆ. ಪಕ್ಕದಲ್ಲಿ ಕುಳಿತ ಸಹೋದ್ಯೋಗಿ ಬುತ್ತಿ ಬಿಚ್ಚುತ್ತಾ, ‘ಅಲ್ಲ, ನಿಮ್ಮ ಯೇಸುವನ್ನೂ ನಮ್ಮ ಮನೆದೇವರ ಜೊತೆಗೇ ಇಟ್ಟು ಪೂಜಿಸಿದರೆ ಏನು ತೊಂದರೆ?’ ಎಂದು ಸಹಜವಾಗಿ ಕೇಳಿದರೆ, ಪ್ರಮಾಣಪತ್ರ ಪಡೆದವರು ತಬ್ಬಿಬ್ಬಾಗುತ್ತಾರೆ, ಇಲ್ಲವೇ ವಾದಕ್ಕೆ ನಿಲ್ಲುತ್ತಾರೆ. ಎರಡೂ ಆ ಎರಡು ದಿನಗಳ ಸೋಲೇ.

ಇಂಥ ತರಬೇತಿಯಲ್ಲಿ ನಿಜವಾಗಿ ಏನನ್ನು ಕಲಿಸಬೇಕು, ಯಾರು ಕಲಿಸಬೇಕು, ಅದರ ಮಿತಿಗಳೇನು ಎಂಬುದನ್ನು ಬಿಡಿಸಿ ಹೇಳುವುದು ಈ ಬರಹದ ಉದ್ದೇಶ. ಕ್ರೈಸ್ತರಲ್ಲದ ಓದುಗರಿಗೂ ಇದು ಉಪಯೋಗಕ್ಕೆ ಬರಬಹುದು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಶೇ 1.87ರಷ್ಟು; ಮಂಡ್ಯ ಜಿಲ್ಲೆಯಲ್ಲಿ ಇನ್ನೂ ಕಡಿಮೆ. ಹೀಗಾಗಿ ಹೆಚ್ಚಿನವರಿಗೆ ಚರ್ಚಿನ ಒಳಗಿನ ಕೆಲಸ ಕಂಡು ಗೊತ್ತಿಲ್ಲ, ಕೇಳಿ ಮಾತ್ರ ಗೊತ್ತು. ಕೇಳಿದ್ದರಲ್ಲಿ ಅರ್ಧ ಊಹೆ.

ಮೊದಲು ಹೂರಣ ಏನೆಂದು ನೋಡೋಣ. ಪ್ರೊಟೆಸ್ಟೆಂಟರು ಸುವಾರ್ತೆ ಎನ್ನುವುದನ್ನು ಕಥೋಲಿಕರು ಶುಭಸಂದೇಶ ಎನ್ನುತ್ತಾರೆ. ಕ್ರೈಸ್ತಧರ್ಮದ ಆರಂಭಕಾಲದ ಪ್ರಚಾರಕ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಅದನ್ನು ಎರಡೇ ವಾಕ್ಯಗಳಲ್ಲಿ ಹಿಡಿದಿಟ್ಟಿದ್ದಾನೆ: ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತನು, ಹೂಣಲ್ಪಟ್ಟನು, ಮೂರನೆಯ ದಿನದಲ್ಲಿ ಎಬ್ಬಿಸಲ್ಪಟ್ಟನು. ಇದನ್ನು ಇತರರಿಗೆ ತಿಳಿಸಬೇಕೆಂಬ ಅಪ್ಪಣೆ ಮತ್ತಾಯನ ಸುವಾರ್ತೆಯ ಕೊನೆಯಲ್ಲಿದೆ. ಆ ಅಪ್ಪಣೆ ಹೇಳಿ ಬರುವುದಕ್ಕೆ ನಿಲ್ಲುವುದಿಲ್ಲ. ಕೇಳಿ ಒಪ್ಪಿದವರನ್ನು ಶಿಷ್ಯರನ್ನಾಗಿ ಮಾಡಿ, ನಡೆನುಡಿಯನ್ನು ಕಲಿಸಬೇಕು ಎನ್ನುತ್ತದೆ. ಮೊದಲರ್ಧವನ್ನು ಉತ್ಸಾಹದಿಂದ ಹಿಡಿದುಕೊಂಡು ಎರಡನೆಯ ಅರ್ಧವನ್ನು ಕೈಬಿಡುವುದು ಸಭೆಗಳ ಹಳೆಯ ಕಾಯಿಲೆ.

ಈ ಸೀಮೆಯಲ್ಲಿ ಆ ಕೆಲಸಕ್ಕೆ ದೀರ್ಘ ಚರಿತ್ರೆಯಿದೆ. 17ನೇ ಶತಮಾನದ ಮಧ್ಯದಲ್ಲಿ ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಬುನಾದಿ ಹಾಕಿದರು; ಕನ್ನಡ ಕಲಿತು ಕನ್ನಡದಲ್ಲೇ ಧರ್ಮೋಪದೇಶ ಬರೆದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಅಲ್ಲಿಗೆ ಬಂದ ಫ್ರಾನ್ಸಿನ ಅಬ್ಬೆ ದ್ಯುಬುವಾ ಇಲ್ಲಿಯವರಂತೆಯೇ ಉಟ್ಟು, ಇಲ್ಲಿಯವರಂತೆಯೇ ಉಂಡು ಬಾಳಿದರು, ಸಿಡುಬಿಗೆ ಲಸಿಕೆ ಹಾಕಿಸಲು ಓಡಾಡಿದರು. ಗಂಜಾಮಿನ ಚರ್ಚನ್ನು ಇಂದಿಗೂ ಅವರ ಹೆಸರಿನಿಂದಲೇ ಗುರುತಿಸುತ್ತಾರೆ. ಭಾರತದಲ್ಲಿ ಮೂರು ದಶಕ ಕಳೆದು 1823ರಲ್ಲಿ ಸ್ವದೇಶಕ್ಕೆ ಮರಳಿದ ಅವರು, ಅದೇ ವರ್ಷ ಪ್ರಕಟಿಸಿದ ಪತ್ರಗಳಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಆಗದ ಮಾತು ಎಂದು ವಾದಿಸಿದರು. ಸುವಾರ್ತಾ ಶಿಬಿರಗಳಲ್ಲಿ ಯಾರೂ ಅವರನ್ನು ಓದಿಸುವುದಿಲ್ಲ. ಓದಿಸಬೇಕು ಎಂಬುದು ನನ್ನ ಹಟ. ಉತ್ಸಾಹಕ್ಕೆ ಒಂದಿಷ್ಟು ತಣ್ಣೀರು ಬೀಳುವುದು ಒಳ್ಳೆಯದು.

ಆಮೇಲೆ ಇಂಗ್ಲೆಂಡಿನ ಪ್ರೊಟೆಸ್ಟೆಂಟರ ವೆಸ್ಲಿಯನ್ ಮಿಷನ್ ಬಂತು. 1887ರಲ್ಲಿ ಅದು ಮೈಸೂರಿನಿಂದ ‘ವೃತ್ತಾಂತ ಪತ್ರಿಕೆ’ ಹೊರಡಿಸಿತು. 1906ರಲ್ಲಿ ಮಂಡಿ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಎದ್ದಿತು. ಶಾಲೆ, ಆಸ್ಪತ್ರೆ, ಪತ್ರಿಕೆ ಮೂರೂ ಬಂದವು. ಆದರೆ ಸುವಾರ್ತೆ ಹೇಳುವುದು ಸಂಬಳ ಪಡೆಯುವ ಮಿಷನರಿಯ ಅಥವಾ ಉಪದೇಶಿಯ ಪಾಲಿಗೆ ಉಳಿಯಿತು. ಬೆಂಚಿನ ಮೇಲೆ ಕುಳಿತ ವಿಶ್ವಾಸಿ ಕಾಣಿಕೆ ಹಾಕಿ ಮನೆಗೆ ಹೋಗುತ್ತಿದ್ದ. ಈ ರೂಢಿಯನ್ನು ಮುರಿಯಲು ದಕ್ಷಿಣ ಭಾರತದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಯತ್ನಿಸಿದವರು, 1912ರಲ್ಲಿ ದೋರ್ನಕಲ್‌ನ ಬಿಷಪ್ ಆದ ವಿ.ಎಸ್. ಅಜರಯ್ಯ. ದೀಕ್ಷಾಸ್ನಾನ (ಕ್ರೈಸ್ತ ಸಭೆಗೆ ಸೇರುವ ವಿಧಿ) ಪಡೆದವರು ತಮ್ಮ ಕೈಯನ್ನು ತಮ್ಮ ತಲೆಯ ಮೇಲಿಟ್ಟುಕೊಂಡು, ಸುವಾರ್ತೆ ಸಾರದಿದ್ದರೆ ತನ್ನ ಗತಿಯನ್ನು ಏನು ಹೇಳಲಿ ಎಂಬ ಪೌಲನ ಮಾತನ್ನು ನುಡಿಯುವಂತೆ ಅವರು ಮಾಡುತ್ತಿದ್ದರು. ಕೂಲಿ ಮಾಡುವವರು, ಅಕ್ಷರ ಬಾರದವರು ಹಾಗೆ ನುಡಿದರು. ತರಬೇತಿ ಬೇಕಾದದ್ದು ಅವರಿಗೆ. ಪಾದ್ರಿಗಳನ್ನು ತಯಾರಿಸುವ ಸೆಮಿನರಿಯಲ್ಲಿ ಓದಿದವರಿಗೆ ಅದು ಹೇಗೂ ಸಿಕ್ಕಿರುತ್ತದೆ.

ಪಾಠ ಬೇರೆ, ಪಳಗಿಸುವುದು ಬೇರೆ

ಮಂಡ್ಯದ ಆಲೆಮನೆಯಲ್ಲಿ ಬೆಲ್ಲದ ಪಾಕ ಹದಕ್ಕೆ ಬಂದಿದೆಯೇ ಎಂಬುದನ್ನು ಹೊಸಬನಿಗೆ ಹೇಳಿಕೊಡಲು ಯಾರೂ ಪುಸ್ತಕ ತೆರೆಯುವುದಿಲ್ಲ. ಅವನು ಕೊಪ್ಪರಿಗೆಯ ಪಕ್ಕ ನಿಲ್ಲುತ್ತಾನೆ, ಹಿರಿಯ ನೋಡಿದ್ದನ್ನೇ ನೋಡುತ್ತಾನೆ, ಒಂದೆರಡು ಸಲ ಕೆಡಿಸುತ್ತಾನೆ, ಬೈಸಿಕೊಳ್ಳುತ್ತಾನೆ. ಸುವಾರ್ತೆಗೆ ಪಳಗುವುದೂ ಹೀಗೆಯೇ. ಮಾರ್ಕನ ಸುವಾರ್ತೆಯ 3ನೇ ಅಧ್ಯಾಯದಲ್ಲಿ ಯೇಸು ಹನ್ನೆರಡು ಮಂದಿಯನ್ನು ಆರಿಸಿದ್ದಕ್ಕೆ ಕೊಟ್ಟಿರುವ ಕಾರಣಗಳ ಅನುಕ್ರಮ ನೋಡಿ: ತನ್ನ ಸಂಗಡ ಇರಬೇಕು ಎಂಬುದು ಮೊದಲು, ಸಾರುವುದಕ್ಕೆ ಕಳುಹಿಸಬೇಕು ಎಂಬುದು ಆಮೇಲೆ. ಲೂಕನ 10ನೇ ಅಧ್ಯಾಯದಲ್ಲಿ ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸುತ್ತಾನೆ. ಅವರು ಮರಳಿ ಬಂದು ವರದಿ ಒಪ್ಪಿಸುತ್ತಾರೆ. ದೆವ್ವಗಳು ನಮಗೆ ಅಧೀನವಾದವು ಎಂದು ಹಿಗ್ಗಿದವರನ್ನು ಆತ ಅಲ್ಲೇ ತಿದ್ದುತ್ತಾನೆ. ಕಳುಹಿಸುವುದು, ಕೇಳಿಸಿಕೊಳ್ಳುವುದು, ತಿದ್ದುವುದು. ನಮ್ಮ ಶಿಬಿರಗಳಲ್ಲಿ ಕೊನೆಯ ಎರಡು ಇಲ್ಲ.

ಯೇಸುವಿನ ಮೊದಲ ಅನುಯಾಯಿಗಳ ಚರಿತ್ರೆ ಹೇಳುವ ಬೈಬಲಿನ ಪುಸ್ತಕ ಅಪೊಸ್ತಲರ ಕೃತ್ಯಗಳ 18ನೇ ಅಧ್ಯಾಯ ಇನ್ನೂ ಮನೆಯ ಹತ್ತಿರದ್ದು. ಅಪೊಲ್ಲೋಸನು ವಾಕ್ಚತುರ, ಶಾಸ್ತ್ರ ಬಲ್ಲವನು, ಆದರೆ ಅವನ ತಿಳಿವಳಿಕೆ ಅಪೂರ್ಣ. ಗುಡಾರ ಹೊಲಿಯುವ ದಂಪತಿ ಪ್ರಿಸ್ಕಿಲ್ಲ ಮತ್ತು ಅಕ್ವಿಲ ಅವನನ್ನು ಸಭೆಯಲ್ಲಿ ಎದ್ದುನಿಂತು ತಿದ್ದಲಿಲ್ಲ. ತಮ್ಮ ಬಳಿಗೆ ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದರು. ಮಾರ್ಗದರ್ಶಕರಾಗಲು ಪದವಿ ಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯವಿಲ್ಲ.

ಆಧುನಿಕ ವಿಧಾನಗಳಲ್ಲಿ ಈ ಸೂತ್ರವನ್ನು ಗಂಭೀರವಾಗಿ ತೆಗೆದುಕೊಂಡದ್ದು ಅಮೆರಿಕದ ಫ್ಲೋರಿಡಾದಲ್ಲಿ 1960ರ ದಶಕದಲ್ಲಿ ಡಿ. ಜೇಮ್ಸ್ ಕೆನಡಿ ಎಂಬ ಸಭಾಪಾಲಕರು ರೂಪಿಸಿದ ‘ಇವ್ಯಾಂಜೆಲಿಸಂ ಎಕ್ಸ್‌ಪ್ಲೋಷನ್’. ಹೆಸರು ಸ್ಫೋಟದ್ದು, ವಿಧಾನ ನಿಧಾನದ್ದು. ಕಲಿತವರೊಬ್ಬರು ಇಬ್ಬರು ಹೊಸಬರನ್ನು ಜೊತೆಗೆ ಕರೆದುಕೊಂಡು ಮನೆಗಳಿಗೆ ಹೋಗುತ್ತಾರೆ. ಮೊದಲ ವಾರಗಳಲ್ಲಿ ಹೊಸಬರು ಸುಮ್ಮನೆ ಕುಳಿತು ಕೇಳುತ್ತಾರೆ. ಬರಬರುತ್ತಾ ಮಾತಿನ ಒಂದೊಂದು ಭಾಗವನ್ನು ವಹಿಸಿಕೊಳ್ಳುತ್ತಾರೆ. ಈ ಚೌಕಟ್ಟು ನಮಗೂ ಹೊಂದುತ್ತದೆ. ಅದರ ಪ್ರಸಿದ್ಧ ಆರಂಭದ ಪ್ರಶ್ನೆ ಮಾತ್ರ ಹೊಂದುವುದಿಲ್ಲ. ಈ ರಾತ್ರಿಯೇ ಸತ್ತರೆ ಸ್ವರ್ಗಕ್ಕೆ ಹೋಗುತ್ತೀರೆಂಬ ಭರವಸೆ ಇದೆಯೇ ಎಂದು ನಾಗಮಂಗಲದ ಒಬ್ಬ ಅಜ್ಜಿಯನ್ನು ಕೇಳಿದರೆ, ‘ಬಿಡ್ತು ಅನ್ನು, ಮನೆಗೆ ಬಂದು ಸಾವಿನ ಮಾತು ಆಡುತ್ತೀಯಾ?’ ಎಂದು ಎದ್ದುಹೋಗುತ್ತಾರೆ. ಸ್ವರ್ಗ, ನರಕ, ಒಂದೇ ಜನ್ಮ ಎಂಬುದನ್ನೆಲ್ಲ ಕೇಳುಗರು ಮೊದಲೇ ಒಪ್ಪಿದ್ದಾರೆ ಎಂದುಕೊಂಡು ಹೆಣೆದ ಪ್ರಶ್ನೆ ಅದು.

ಶಿಬಿರಗಳಲ್ಲಿ ಬೋರ್ಡಿನ ಮೇಲೆ ಬರೆಯುವ ಲೆಕ್ಕ ಇನ್ನೊಂದಿದೆ. ಒಬ್ಬರು ವರ್ಷಕ್ಕೆ ಒಬ್ಬರನ್ನು ಶಿಷ್ಯರನ್ನಾಗಿಸಿ, ಅವರಿಬ್ಬರೂ ಮರುವರ್ಷ ಒಬ್ಬೊಬ್ಬರನ್ನು, ಹೀಗೆ ಮುಂದುವರಿದರೆ 33 ವರ್ಷಗಳಲ್ಲಿ 859 ಕೋಟಿ, ಅಂದರೆ ಲೋಕದ ಜನರೆಲ್ಲ! ಗಣಿತ ಸರಿಯಾಗಿದೆ. ಮೂವತ್ಮೂರು ಬಾರಿಯೂ ಯಾರೂ ಸುಸ್ತಾಗದೆ, ಊರು ಬಿಡದೆ, ಜಗಳವಾಡದೆ, ಸಾಯದೆ ಇರಬೇಕಷ್ಟೆ. ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ (2:2) ನಿಜವಾಗಿಯೂ ನಾಲ್ಕು ತಲೆಮಾರಿನ ಸರಪಳಿ ಇದೆ: ಪೌಲ, ತಿಮೊಥೆಯ, ನಂಬಿಗಸ್ತರು, ಅವರಿಂದ ಕಲಿಯುವವರು. ಆದರೆ ಅಲ್ಲಿ ಒತ್ತು ‘ನಂಬಿಗಸ್ತರು’ ಎಂಬುದರ ಮೇಲೆ, ಎಷ್ಟು ಜನ ಎಂಬುದರ ಮೇಲಲ್ಲ.

ಏನನ್ನು ಕಲಿಸಬೇಕು?

ಸಾಮಾನ್ಯವಾಗಿ ಮೊದಲ ಪಾಠ ಸಾಕ್ಷಿ, ಅಂದರೆ ತನ್ನ ವಿಶ್ವಾಸದ ಕಥೆಯನ್ನು ಮೂರು ನಿಮಿಷಗಳಲ್ಲಿ ಹೇಳುವುದು. ಅಗ್ರಿಪ್ಪ ರಾಜನ ಮುಂದೆ ಪೌಲ ಮಾಡಿದ್ದು ಇದನ್ನೇ (ಅಪೊಸ್ತಲರ ಕೃತ್ಯಗಳು 26): ಮೊದಲು ಹೇಗಿದ್ದೆ, ಏನಾಯಿತು, ಈಗ ಏನು. ಮೂರು ನಿಮಿಷ ಎಂದರೆ ಸುಲಭ ಅನ್ನಿಸುತ್ತದೆ. ಕೂರಿಸಿ ಹೇಳಿಸಿದಾಗಲೇ ಕಷ್ಟ ಗೊತ್ತಾಗುವುದು. ಕೆಲವರು ಹಳೆಯ ಪಾಪಗಳನ್ನು ರಂಗುರಂಗಾಗಿ ಬಣ್ಣಿಸಿ ಯೇಸುವಿನ ಹತ್ತಿರ ಬರುವಷ್ಟರಲ್ಲಿ ಸಮಯ ಮುಗಿಸುತ್ತಾರೆ. ಕೆಲವರು ತಾವು ಬಿಟ್ಟುಬಂದ ದೇವರುಗಳನ್ನೂ ಹೆತ್ತವರ ನಂಬಿಕೆಯನ್ನೂ ಹಳಿಯುತ್ತಾರೆ. ಇದನ್ನು ಮೊದಲ ದಿನವೇ ತಡೆಯದಿದ್ದರೆ ಅಭ್ಯಾಸವಾಗಿಬಿಡುತ್ತದೆ. ಮೂರನೆಯ ದೋಷ ಇನ್ನೂ ನಯವಾದದ್ದು: ‘ನಂಬಿದ ಮೇಲೆ ಸಾಲ ತೀರಿತು, ಸೈಟು ಕೊಂಡೆವು, ಮಗನಿಗೆ ಕೆಲಸ ಸಿಕ್ಕಿತು.’ ಹೇಳುವವರಿಗೆ ಇದು ಕೃತಜ್ಞತೆ. ಸಾಲದಲ್ಲಿ ಮುಳುಗಿರುವ ರೈತನಿಗೆ ಮಾತ್ರ ಇದು ಲೇವಾದೇವಿಯ ಮಾತಿನಂತೆ ಕೇಳಿಸುತ್ತದೆ, ಮತ್ತು ಅವನು ಹಾಗೆ ಕೇಳಿಸಿಕೊಂಡರೆ ತಪ್ಪು ಅವನದಲ್ಲ.

ನಾಲ್ಕೈದು ತಲೆಮಾರಿನಿಂದ ಕ್ರೈಸ್ತರಾಗಿರುವ ಮೈಸೂರಿನ ಮನೆತನಗಳ ಮಕ್ಕಳದು ಬೇರೆಯೇ ಗೋಳು. ‘ನನಗೆ ಕಥೆಯೇ ಇಲ್ಲ, ಹುಟ್ಟಿದಾಗಿನಿಂದ ಹೀಗೇ ಇದ್ದೇನೆ’ ಎನ್ನುತ್ತಾರೆ. ಅವರಿಗೆ ನಾಟಕೀಯ ತಿರುವು ಬೇಕಿಲ್ಲ. ಕಳೆದ ವರ್ಷ ಕೆಲಸ ಹೋದಾಗ ಯಾವುದನ್ನು ಹಿಡಿದು ನಿಂತೆ, ಅಪ್ಪ ತೀರಿಕೊಂಡಾಗ ಪ್ರಾರ್ಥಿಸಲು ಆಯಿತೇ, ಆಗದಿದ್ದರೆ ಏನು ಮಾಡಿದೆ ಎಂದು ಕೇಳುವವರೊಬ್ಬರು ಬೇಕು. ಒಳ್ಳೆಯ ಮಾರ್ಗದರ್ಶಕರು ಈ ಪ್ರಶ್ನೆಗಳಿಂದಲೇ ಗುರುತು ಸಿಗುತ್ತಾರೆ.

ಎರಡನೆಯದು ಸಭೆಯ ಭಾಷೆಯನ್ನು ಕಳಚಿಟ್ಟು ಮಾತನಾಡುವುದು. ಹೊಸದಾಗಿ ಹುಟ್ಟಬೇಕು ಎಂದರೆ ನಮ್ಮ ಹಳ್ಳಿಗಳಲ್ಲಿ ಪುನರ್ಜನ್ಮ ಎಂದೇ ತಿಳಿಯುತ್ತಾರೆ. ‘ನೀವು ಪಾಪಿಗಳು’ ಎಂದರೆ ಯಾರಿಗೂ ಮೋಸ ಮಾಡದೆ ಬಾಳಿದ ಹಿರಿಯರಿಗೆ ಅವಮಾನ. ಹಾಗೆಂದು ಪಾಪದ ವಿಷಯ ಬಿಡುವಂತೆಯೂ ಇಲ್ಲ, ಅದಿಲ್ಲದೆ ಶಿಲುಬೆಗೆ ಅರ್ಥವಿಲ್ಲ. ಇಲ್ಲಿ ಯೇಸು ಹೇಳಿದ ಕಥೆಗಳು ಸಿದ್ಧಾಂತಕ್ಕಿಂತ ಮುಂದೆ ಹೋಗುತ್ತವೆ. ಲೂಕನ 15ನೇ ಅಧ್ಯಾಯದಲ್ಲಿ ಆಸ್ತಿಯ ಪಾಲು ಕೇಳಿ ಮನೆಬಿಟ್ಟು ಹೋದ ಮಗನ ಕಥೆಗೆ ಮಂಡ್ಯದಲ್ಲಿ ಟಿಪ್ಪಣಿ ಬೇಕಾಗಿಲ್ಲ. ಅಪ್ಪ ಬದುಕಿರುವಾಗಲೇ ಪಾಲು ಕೇಳುವುದು ಎಂಥ ಮಾತು ಎಂಬುದು ಜಮೀನಿರುವ ಎಲ್ಲರಿಗೂ ಗೊತ್ತು.

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಕೇಳಿಸಿಕೊಳ್ಳುವ ಅಭ್ಯಾಸಕ್ಕೆ; ಕೊಡುವುದು ಎಲ್ಲಕ್ಕಿಂತ ಕಡಿಮೆ. ಒಂದು ಸರಳ ಅಭ್ಯಾಸವಿದೆ. ಇಬ್ಬರು ಎದುರುಬದುರು ಕುಳಿತು, ಒಬ್ಬರು ಐದು ನಿಮಿಷ ತಮ್ಮ ಒಂದು ಕಷ್ಟವನ್ನು ಹೇಳಬೇಕು. ಇನ್ನೊಬ್ಬರು ಸಲಹೆ ಕೊಡುವಂತಿಲ್ಲ, ಬೈಬಲ್ ವಚನ ಉದ್ಧರಿಸುವಂತಿಲ್ಲ; ಕೇಳಿದ್ದನ್ನು ತಮ್ಮ ಮಾತಿನಲ್ಲಿ ಮರಳಿ ಹೇಳಬೇಕು, ಹೇಳಿದವರು ‘ಹೌದು, ಇದೇ’ ಎನ್ನುವ ತನಕ. ಚರ್ಚಿನ ಪ್ರಸಂಗ (ಬೋಧನೆ) ಕೇಳಿ ಬೆಳೆದವರಿಗೆ ಇದು ಹಿಂಸೆ. ಯೋಹಾನನ 4ನೇ ಅಧ್ಯಾಯದಲ್ಲಿ ಯೇಸು ಸಮಾರ್ಯದ ಹೆಂಗಸಿನ ಜೊತೆ ಮಾತು ತೆಗೆದದ್ದು ‘ಕುಡಿಯಲು ನೀರು ಕೊಡು’ ಎಂದು. ಕೊಡುವವನಾಗಿ ಅಲ್ಲ, ಕೇಳುವವನಾಗಿ.

ಕೇಳಿಸಿಕೊಳ್ಳಲು ನೆರೆಯವರ ಲೋಕವೂ ಗೊತ್ತಿರಬೇಕು. ಅಥೇನೆಯಲ್ಲಿ ಪೌಲನು ಮಾತನಾಡುವ ಮೊದಲು ಊರೆಲ್ಲ ಸುತ್ತಿ ನೋಡಿದ್ದ. ಮೇಲುಕೋಟೆಯ ಶ್ರೀವೈಷ್ಣವರ ಶರಣಾಗತಿ, ಮಳವಳ್ಳಿ ಕಡೆಯ ಮಂಟೇಸ್ವಾಮಿ ಪರಂಪರೆ, ಮಲೆ ಮಹದೇಶ್ವರನ ಒಕ್ಕಲು, ಊರ ಮಾರಮ್ಮನ ಹಬ್ಬ, ಮೈಸೂರಿನ ಮುಸ್ಲಿಂ ಮೊಹಲ್ಲಾಗಳ ನಮಾಜು, ಇವೆಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ‘ವಿಗ್ರಹಾರಾಧನೆ’ ಎಂದೋ ‘ಅನ್ಯಜನ’ ಎಂದೋ ಚೀಟಿ ಅಂಟಿಸುವವರು ಯಾರ ಮನೆಯ ಜಗಲಿಯಲ್ಲೂ ಹತ್ತು ನಿಮಿಷ ಕೂರಲಾರರು. ಸುವಾರ್ತೆಯನ್ನು ಕಲಿಸುವವರು ಮಂಟೇಸ್ವಾಮಿ ಕಾವ್ಯವನ್ನು ನೀಲಗಾರರ ಬಾಯಲ್ಲಿ ಒಮ್ಮೆ ಕೇಳಿರಬೇಕು ಎಂದರೆ ಕೆಲವು ಸಭಾಹಿರಿಯರ ಹುಬ್ಬು ಮೇಲೇರುತ್ತದೆ. ಏರಲಿ.

ಜೊತೆಗೆ ಹೋಗಿ ಬಂದ ಮೇಲೆ

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಯುವತಿಯೊಬ್ಬಳಿದ್ದಾಳೆ. ಅವಳನ್ನು ಸಭೆಯ ಒಬ್ಬ ನಿವೃತ್ತ ದಾದಿಯ ಜೊತೆ ಸೇರಿಸಿದ್ದಾರೆ. ಯುವತಿಯ ಗೆಳತಿ, ಅಮ್ಮನಿಗೆ ಮಂಡಿನೋವು, ಬಂದು ಪ್ರಾರ್ಥನೆ ಮಾಡಿ ಎಂದು ತಾನಾಗಿಯೇ ಕರೆದಿದ್ದಾಳೆ. ಇಬ್ಬರೂ ಹೋಗಿ, ಕಾಫಿ ಕುಡಿದು, ಮಾತನಾಡಿ, ಪ್ರಾರ್ಥಿಸಿ ಹೊರಬಂದು ಬಸ್ಸಿಗೆ ಕಾಯುತ್ತಿದ್ದಾರೆ. ತರಬೇತಿ ನಡೆಯುವುದು ಈಗ.

‘ಅವರಮ್ಮ ಹೆಚ್ಚು ಹೊತ್ತು ಮಾತನಾಡಿದರೋ, ನೀನೋ?’

‘ನಾನೇ ಅನ್ನಿಸುತ್ತದೆ, ಆಂಟಿ.’

‘ಮಗ ಎರಡು ತಿಂಗಳಿಂದ ಫೋನ್ ಮಾಡಿಲ್ಲ ಎಂದರಲ್ಲ, ಕೇಳಿಸಿಕೊಂಡೆಯಾ?’

‘ಇಲ್ಲ. ಆಗ ಮುಂದೆ ಯಾವ ವಚನ ಹೇಳಬೇಕು ಎಂದು ಯೋಚಿಸುತ್ತಿದ್ದೆ.’

‘ಅವರ ನೋವು ಮಂಡಿಯಲ್ಲಿ ಮಾತ್ರ ಇರಲಿಲ್ಲಮ್ಮ. ಇನ್ನೊಂದು ಮಾತು. ನೋವು ವಾಸಿಯಾಗಿಯೇ ಆಗುತ್ತದೆ ಎಂದುಬಿಟ್ಟೆ. ಆ ಮಾತು ಕೊಡಲು ನಮಗೆ ಅಧಿಕಾರ ಇದೆಯೇ?’

‘ವಿಶ್ವಾಸದಿಂದ ಹೇಳಿದೆ.’

‘ವಿಶ್ವಾಸದಿಂದ ಬೇಡಿಕೊಳ್ಳೋಣ. ಮಾತು ಕೊಡುವುದು ಬೇಡ. ಮೂಳೆ ಡಾಕ್ಟರಿಗೆ ತೋರಿಸಿದ್ದಾರೆಯೇ ಎಂದು ನಾಳೆ ನಿನ್ನ ಗೆಳತಿಯನ್ನು ಕೇಳು.’

ಈ ಸಣ್ಣ ಮಾತುಕತೆಯಲ್ಲಿ ಎರಡು ದಿನದ ಶಿಬಿರದಲ್ಲಿ ಸಿಗದ ಪಾಠಗಳಿವೆ. ಹಿರಿಯರು ಬೈಯಲಿಲ್ಲ, ಹೊಗಳಲೂ ಇಲ್ಲ. ನಡೆದದ್ದನ್ನು ಅವಳ ಕೈಯಲ್ಲೇ ನೋಡಿಸಿದರು. ಮುಂದಿನ ಭೇಟಿಗಳಲ್ಲಿ ಪಾತ್ರಗಳು ಮೆಲ್ಲಗೆ ಅದಲುಬದಲಾಗುತ್ತವೆ. ಮೊದಲು ಹಿರಿಯರು ಮಾತನಾಡುತ್ತಾರೆ, ಕಿರಿಯಳು ನೋಡುತ್ತಾಳೆ. ಆಮೇಲೆ ಅವಳು ತನ್ನ ಸಾಕ್ಷಿ ಹೇಳುತ್ತಾಳೆ, ಉಳಿದದ್ದು ಹಿರಿಯರದು. ಮುಂದೆ ಅವಳೇ ನಡೆಸುತ್ತಾಳೆ, ಹಿರಿಯರು ಬಾಯಿ ಬಿಗಿಹಿಡಿದು ಕೂರುತ್ತಾರೆ (ಮಾರ್ಗದರ್ಶಕರಿಗೆ ಇಡೀ ಪಯಣದಲ್ಲಿ ಇದೇ ಅತಿ ಕಷ್ಟದ ಘಟ್ಟ). ಕೊನೆಗೆ ಹಿರಿಯರು ಬರುವುದೇ ಇಲ್ಲ. ಇದಕ್ಕೆ ವಾರಗಳು ಸಾಲುವುದಿಲ್ಲ, ತಿಂಗಳುಗಳು ಬೇಕು. ಅವಸರಪಟ್ಟವರು ಭಾಷಣಕಾರರನ್ನು ತಯಾರಿಸುತ್ತಾರೆ.

ಬೇಲಿಗಳು

ಮೈಸೂರು, ಮಂಡ್ಯದಲ್ಲಿ ಈ ತರಬೇತಿ ಕೊಡುವವರು ಕಾನೂನನ್ನು ಪಾಠದ ಕೊನೆಯ ಹತ್ತು ನಿಮಿಷಕ್ಕೆ ತಳ್ಳುವಂತಿಲ್ಲ. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಡುತ್ತದೆ; ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. ‘ಪ್ರಸಾರ’ ಎಂಬುದನ್ನು ಸೇರಿಸಬೇಕೇ ಎಂದು 1948ರ ಡಿಸೆಂಬರಿನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಬಿಸಿ ಚರ್ಚೆಯೇ ನಡೆದು, ಸೇರಿಸಲಾಯಿತು. 1977ರಲ್ಲಿ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದರ ಗಡಿ ಗುರುತಿಸಿತು: ತನ್ನ ಧರ್ಮದ ತತ್ವಗಳನ್ನು ವಿವರಿಸಿ ಹರಡುವುದು ಹಕ್ಕು; ಇನ್ನೊಬ್ಬರನ್ನು ಮತಾಂತರಿಸುವುದು ಹಕ್ಕಲ್ಲ.

ಕರ್ನಾಟಕದಲ್ಲಿ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಬಲವಂತ, ವಂಚನೆ, ಆಮಿಷ, ಮದುವೆಯ ಭರವಸೆಗಳಿಂದ ಮಾಡುವ ಮತಾಂತರವನ್ನು ಅಪರಾಧವಾಗಿಸಿತು. ಧರ್ಮ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕೆಂದಿತು. ಆರೋಪ ಸುಳ್ಳೆಂದು ತೋರಿಸುವ ಹೊರೆಯನ್ನು ಆರೋಪಿಯ ಮೇಲೆಯೇ ಹೊರಿಸಿತು. ಅದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಆ ಕಾಯ್ದೆಯ ಬಗ್ಗೆ ಸಭೆಗಳಿಗೆ ಆಕ್ಷೇಪಗಳಿದ್ದವು, ನನಗೂ ಇವೆ. ಸ್ವಂತ ಮನಸ್ಸಿನ ನಿರ್ಧಾರವನ್ನು ಕಚೇರಿಯ ಫಲಕದಲ್ಲಿ ಅಂಟಿಸಬೇಕಾದ ಕಾರಣ ನನಗೆ ಕಾಣದು. ಆದರೆ ‘ಕಾನೂನು ಇರುವುದರಿಂದ ಆಮಿಷ ಒಡ್ಡಬಾರದು’ ಎಂದು ಕಲಿಸುವ ತರಬೇತಿ ಆಗಲೇ ದಾರಿ ತಪ್ಪಿದೆ. ಕಾನೂನು ಇಲ್ಲದಿದ್ದರೂ ಒಡ್ಡಬಾರದು. 2011ರಲ್ಲಿ ಚರ್ಚುಗಳ ವಿಶ್ವ ಮಂಡಳಿ, ವ್ಯಾಟಿಕನ್ನಿನ ಅಂತರಧರ್ಮೀಯ ಸಂವಾದ ಪರಿಷತ್ತು ಮತ್ತು ವಿಶ್ವ ಇವ್ಯಾಂಜೆಲಿಕಲ್ ಒಕ್ಕೂಟ ಸೇರಿ ಬಹುಧರ್ಮೀಯ ಜಗತ್ತಿನಲ್ಲಿ ಕ್ರೈಸ್ತ ಸಾಕ್ಷಿ ಹೇಗಿರಬೇಕೆಂಬ ದಾಖಲೆಯೊಂದನ್ನು ಹೊರತಂದವು. ಬಡತನ ಮತ್ತು ಅಗತ್ಯಗಳನ್ನು ದುರುಪಯೋಗ ಮಾಡಿಕೊಳ್ಳಬಾರದು, ಇತರ ಧರ್ಮಗಳ ಬಗ್ಗೆ ಸುಳ್ಳು ಸಾಕ್ಷಿ ಹೇಳಬಾರದು, ಧರ್ಮ ಬದಲಿಸುವವರಿಗೆ ಯೋಚಿಸಲು ಸಾಕಷ್ಟು ಸಮಯ ಮತ್ತು ಪೂರ್ಣ ಸ್ವಾತಂತ್ರ್ಯ ಇರಬೇಕು ಎಂದು ಅದು ಹೇಳುತ್ತದೆ. ಎಲ್ಲ ಬಣಗಳೂ ಒಟ್ಟಿಗೆ ಒಪ್ಪಿದ ಇಂಥ ದಾಖಲೆಗಳು ಅಪರೂಪ. ಅದನ್ನು ಪ್ರತಿಯೊಂದು ಸಭೆಯ ತರಬೇತಿಯಲ್ಲೂ ಸಾಲುಸಾಲಾಗಿ ಓದಿಸಬೇಕು.

ದಿನನಿತ್ಯದಲ್ಲಿ ಇದು ಹೀಗೆ ಇಳಿಯುತ್ತದೆ. ಸುವಾರ್ತೆ ಹೇಳಲು ಹೋದ ಮನೆಗೆ ಅಕ್ಕಿ, ಹಣ ಒಯ್ಯುವುದಿಲ್ಲ. ಸಭೆ ಬಡವರಿಗೆ ಸಹಾಯ ಮಾಡುವುದಿದ್ದರೆ ಅದು ಬೇರೆ ಕೈಯಿಂದ, ಯಾರ ಧರ್ಮವನ್ನೂ ಕೇಳದೆ ನಡೆಯುತ್ತದೆ. ತಂದೆತಾಯಿಗೆ ಗೊತ್ತಿಲ್ಲದೆ ಮಕ್ಕಳೊಂದಿಗೆ ಈ ವಿಷಯ ಎತ್ತುವುದಿಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ಮೊಬೈಲ್ ತೆಗೆದು ಫೋಟೊ ಹೊಡೆಯುವುದಿಲ್ಲ, ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ‘ಇಷ್ಟು ಆತ್ಮಗಳು’ ಎಂದು ಎಣಿಸಿ ಹಾಕುವುದಿಲ್ಲ. ಔಷಧಿ ನಿಲ್ಲಿಸಿ ಎಂದು ಯಾರಿಗೂ ಹೇಳುವುದಿಲ್ಲ.

ಕಲಿಯುವವರು ತಪ್ಪದೆ ಕೇಳುವ ಪ್ರಶ್ನೆ ಪ್ರಸಾದದ್ದು: ಮನೆಯವರು ಕೊಟ್ಟರೆ ತೆಗೆದುಕೊಳ್ಳಬೇಕೇ? ವಿಗ್ರಹಕ್ಕೆ ಅರ್ಪಿಸಿದ ಆಹಾರದ ಬಗ್ಗೆ ಪೌಲನು ಹೇಳಿರುವ, ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯಗಳನ್ನು ಓದಿ ಒಂದೊಂದು ಸಭೆ ಒಂದೊಂದು ಉತ್ತರ ಹೇಳುತ್ತದೆ. ಉತ್ತರ ಯಾವುದೇ ಇರಲಿ, ಬೇಡ ಎನ್ನುವವರು ಎರಡೂ ಕೈ ಮುಗಿದು, ಮುಖ ಸಿಂಡರಿಸದೆ ಬೇಡ ಎನ್ನಲು ಕಲಿತಿರಬೇಕು.

ಇನ್ನೊಂದು ಸಂಗತಿಯನ್ನು ತರಬೇತಿಗಳಲ್ಲಿ ಮುಚ್ಚಿಡುವುದನ್ನು ಕಂಡಾಗ ಸಿಟ್ಟು ಬರುತ್ತದೆ. ಪರಿಶಿಷ್ಟ ಜಾತಿಗಳ ಕುರಿತ 1950ರ ರಾಷ್ಟ್ರಪತಿ ಆದೇಶ, 1956 ಮತ್ತು 1990ರ ತಿದ್ದುಪಡಿಗಳ ನಂತರವೂ, ಆ ಸ್ಥಾನವನ್ನು ಹಿಂದೂ, ಸಿಖ್, ಬೌದ್ಧರಿಗಷ್ಟೇ ಮೀಸಲಿಟ್ಟಿದೆ. ದಲಿತ ಯುವಕನೊಬ್ಬ ದೀಕ್ಷಾಸ್ನಾನ ಕೇಳಿಕೊಂಡು ಬಂದರೆ, ಅವನ ಓದು, ಕೆಲಸ, ಜಾತಿ ಪ್ರಮಾಣಪತ್ರದ ಮೇಲೆ ಇದರ ಪರಿಣಾಮ ಏನೆಂದು ಅವನಿಗೆ ಮೊದಲೇ ತಿಳಿಸುವುದು ಮಾರ್ಗದರ್ಶಕರ ಕರ್ತವ್ಯ. ಕಟ್ಟಡ ಕಟ್ಟುವವನು ಮೊದಲು ಕುಳಿತು ಖರ್ಚು ಲೆಕ್ಕಹಾಕುತ್ತಾನೆ ಎಂದು ಯೇಸು ಹೇಳಿದ್ದು ಇಂಥ ಸಂದರ್ಭಕ್ಕೇ. ಆ ಆದೇಶ ನ್ಯಾಯವೇ ಎಂಬ ಚರ್ಚೆ ಇರಲಿ, ಅದನ್ನು ಬೇರೆ ಕಡೆ ಮಾಡೋಣ. ಹುಡುಗನಿಗೆ ಮಾತ್ರ ಸತ್ಯ ಹೇಳಬೇಕು.

ಕೇಳಿದವರು ‘ಬೇಡ’ ಎಂದರೆ? ಅಲ್ಲಿಗೆ ನಿಲ್ಲಿಸಬೇಕು. ನಿಲ್ಲಿಸಿದ ಮೇಲೂ ಅವರ ಮಗಳ ಮದುವೆಗೆ ಹೋಗಬೇಕು, ಯುಗಾದಿಗೆ ಕೊಟ್ಟ ಒಬ್ಬಟ್ಟು ತಿನ್ನಬೇಕು, ರಾತ್ರಿ ಆಸ್ಪತ್ರೆಗೆ ಆಟೋ ಬೇಕೆಂದರೆ ಓಡಬೇಕು. ಬೇಡ ಎಂದ ಮರುದಿನದಿಂದ ಮುಖ ತಿರುಗಿಸಿದರೆ, ಅಲ್ಲಿಯ ತನಕ ತೋರಿಸಿದ ಸ್ನೇಹ ಬಲೆಯಾಗಿತ್ತು ಎಂದು ಅವರು ತಿಳಿದುಕೊಳ್ಳುತ್ತಾರೆ, ಸರಿಯಾಗಿಯೇ ತಿಳಿದುಕೊಳ್ಳುತ್ತಾರೆ.

ಮಾರ್ಗದರ್ಶಕರನ್ನು ಎಲ್ಲಿಂದ ತರುವುದು?

ಕಥೋಲಿಕ ಸಭೆಯಲ್ಲಿ ಇದಕ್ಕೊಂದು ಸಿದ್ಧ ವ್ಯವಸ್ಥೆ ಇದೆ: ಧರ್ಮೋಪದೇಶಕರು. 2021ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಶ್ರೀಸಾಮಾನ್ಯ ವಿಶ್ವಾಸಿಗಳ ಅಧಿಕೃತ ಸೇವೆಯಾಗಿ ಸ್ಥಾಪಿಸಿದರು. ವಯಸ್ಕರು ದೀಕ್ಷಾಸ್ನಾನ ಪಡೆಯಲು ಹಂತಹಂತವಾದ ದೀರ್ಘ ತಯಾರಿಯೂ ಅಲ್ಲಿದೆ. ಪೆಂತೆಕೊಸ್ತ್ ಸಭೆಗಳಲ್ಲಿ ಉತ್ಸಾಹಕ್ಕೆ ಬರವಿಲ್ಲ, ತಾಳ್ಮೆಗೆ ಬರ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಕ್ರಮಕ್ಕೆ ಕೊರತೆಯಿಲ್ಲ, ಬಾಯಿ ತೆರೆಯುವ ಧೈರ್ಯದ್ದೇ ಕೊರತೆ. ಇದು ನನ್ನ ಅಭಿಪ್ರಾಯ; ಒಪ್ಪದವರು ಇರಬಹುದು.

ಎಲ್ಲಿಯಾದರೂ ಸರಿ, ಒಬ್ಬ ಮಾರ್ಗದರ್ಶಕರಿಗೆ ಇಬ್ಬರು ಮೂವರಿಗಿಂತ ಹೆಚ್ಚು ಜನರನ್ನು ಒಪ್ಪಿಸಬಾರದು. ಹೆಂಗಸರಿಗೆ ಹೆಂಗಸರೇ ಜೊತೆಯಾಗಬೇಕು; ಮನೆಗಳ ಒಳಗಿನ ಮಾತು ಅವರ ನಡುವೆಯೇ ಸಾಗುವುದು, ತೀತನಿಗೆ ಬರೆದ ಪತ್ರದ 2ನೇ ಅಧ್ಯಾಯ ಹೇಳುವುದೂ ಅದನ್ನೇ. ಓಡಾಟದ ಖರ್ಚಿನ ಲೆಕ್ಕ ಸಭೆಯ ಕಮಿಟಿಯ ಮುಂದೆ ತೆರೆದಿರಬೇಕು. ಮಾರ್ಗದರ್ಶಕರ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಕೇಳುವ ಇನ್ನೊಬ್ಬ ಹಿರಿಯರೂ ಇರಬೇಕು. ಯಾರಿಗೂ ಉತ್ತರ ಕೊಡಬೇಕಾಗಿಲ್ಲದ ಮಾರ್ಗದರ್ಶಕರು ಕಾಲಕ್ರಮದಲ್ಲಿ ಸ್ವಾಮೀಜಿಗಳಾಗುತ್ತಾರೆ.

ನಡುದಾರಿಯಲ್ಲಿ ಬಿಟ್ಟುಹೋಗುವವರೂ ಇರುತ್ತಾರೆ. ಮಾರ್ಕನು ಪಂಫುಲ್ಯದಲ್ಲಿ ಪೌಲನನ್ನು ಬಿಟ್ಟು ಹಿಂದಿರುಗಿದ್ದ. ಅವನನ್ನು ಮತ್ತೆ ಕರೆದೊಯ್ಯುವುದು ಬೇಡ ಎಂದು ಪೌಲ, ಬೇಕು ಎಂದು ಅವನ ಜೊತೆಗಾರ ಬಾರ್ನಬ. ಜಗಳ ತೀಕ್ಷ್ಣವಾಗಿ ಇಬ್ಬರೂ ಬೇರೆಯಾದರು. ಬಾರ್ನಬ ಮಾರ್ಕನನ್ನು ಕರೆದುಕೊಂಡು ಕುಪ್ರ (ಸೈಪ್ರಸ್) ದ್ವೀಪಕ್ಕೆ ಹೋದ. ಕೊನೆಗಾಲದಲ್ಲಿ ಪೌಲನೇ ತಿಮೊಥೆಯನಿಗೆ ಬರೆಯುತ್ತಾನೆ: ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತನು. ತರಬೇತಿ ಎಂದರೆ ಪೌಲನನ್ನೇ ನೆನೆಯುವ ನಾವು ಬಾರ್ನಬನನ್ನು ಇನ್ನಷ್ಟು ನೆನೆಯಬೇಕು.

ಎಷ್ಟು ಜೊತೆಗೆ ನಡೆದರೂ ಕೆಲವರಿಗೆ ಈ ಕೆಲಸ ಒಗ್ಗುವುದಿಲ್ಲ. ಅವರನ್ನು ನಾಚಿಸಿ ಬೀದಿಗೆ ತಳ್ಳಬಾರದು. ಎಫೆಸದವರಿಗೆ ಬರೆದ ಪತ್ರದ 4ನೇ ಅಧ್ಯಾಯ ಸೌವಾರ್ತಿಕರನ್ನು (ಸುವಾರ್ತೆ ಸಾರುವವರನ್ನು) ಹಲವು ವರಗಳಲ್ಲಿ ಒಂದಾಗಿ ಹೇಳುತ್ತದೆ. ಉಳಿದ ವರಗಳೂ ಇವೆ. ಅಂಥವರು ಸಂಡೇ ಸ್ಕೂಲ್ ನಡೆಸಲಿ, ಸಭೆಯ ಲೆಕ್ಕ ಬರೆಯಲಿ, ಹಾಸಿಗೆ ಹಿಡಿದವರಿಗೆ ಊಟ ಒಯ್ಯಲಿ. ಆದರೆ ಬುತ್ತಿ ಬಿಚ್ಚುವ ಹೊತ್ತಿನ ಪ್ರಶ್ನೆ ಅವರ ಮುಂದೆಯೂ ಬರುತ್ತದೆ. ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣವನ್ನು ಕೇಳಿದವರಿಗೆ ಸಾತ್ವಿಕತೆಯಿಂದಲೂ ಗೌರವದಿಂದಲೂ ಉತ್ತರ ಕೊಡಲು ಸಿದ್ಧರಾಗಿರಿ ಎಂದು ಪೇತ್ರನು ಬರೆದದ್ದು ಸೌವಾರ್ತಿಕರಿಗೆ ಮಾತ್ರವಲ್ಲ. ಆದ್ದರಿಂದ ಆ ಒಂದು ಉತ್ತರವನ್ನಾದರೂ ಅವರ ಜೊತೆ ಕುಳಿತು ಅಭ್ಯಾಸ ಮಾಡಿಸಿಯೇ ಮಾರ್ಗದರ್ಶಕರು ಕೈ ಬಿಡಬೇಕು.